ಅಕ್ಷರ ಬಂತು, ಮನೆ ಬರಲಿಲ್ಲ

ಹಳೆಯ ಬುಲೆಟಿನ್ ಬೋರ್ಡ್ ತಂತ್ರಾಂಶದ ಮಾತೆತ್ತಿದರೆ ಪುಣೆಯ ನನ್ನ ಸಹೋದ್ಯೋಗಿಗಳು ನಗುತ್ತಾರೆ. ಅದು ಮ್ಯೂಸಿಯಂ ಸರಕಂತೆ. ನಾನು ಒಪ್ಪುವುದಿಲ್ಲ.

1978ರ ಜನವರಿಯಲ್ಲಿ ಷಿಕಾಗೊ ಹಿಮದಡಿ ಹೂತಾಗ ವಾರ್ಡ್ ಕ್ರಿಸ್ಟೆನ್ಸನ್, ರ್‍ಯಾಂಡಿ ಸ್ಯೂಸ್ ಸೇರಿ ಸಿಬಿಬಿಎಸ್ ಕಟ್ಟತೊಡಗಿದರು. ತಂತ್ರಾಂಶ ವಾರ್ಡ್ ಅವರದು, ಯಂತ್ರ ರ್‍ಯಾಂಡಿ ಅವರದು. ಫೆಬ್ರವರಿ 16ಕ್ಕೆ ಅದು ಜನರಿಗೆ ತೆರೆಯಿತು. ಇದ್ದದ್ದು ಒಂದೇ ಫೋನ್ ಲೈನು. ಒಬ್ಬರು ಬರೆದು ಫೋನ್ ಇಟ್ಟ ಮೇಲಷ್ಟೇ ಇನ್ನೊಬ್ಬರ ಸರದಿ. ವೇಗ ಸೆಕೆಂಡಿಗೆ ಸುಮಾರು 30 ಅಕ್ಷರ.

ನಿಧಾನ, ನಿಜ. ಕನ್ನಡದ ಒಂದಕ್ಷರಕ್ಕೂ ಅಲ್ಲಿ ಜಾಗವಿರಲಿಲ್ಲ, ಅದೂ ನಿಜ. ಆದರೆ ಯಂತ್ರ, ಫ್ಲಾಪಿ, ಅದರೊಳಗಿನ ಮಾತು ಎಲ್ಲವೂ ನಡೆಸುವವರ ಕೈಯಲ್ಲೇ ಇದ್ದವು. ತಕರಾರಿದ್ದರೆ ಕೇಳಲು ಒಬ್ಬ ಮನುಷ್ಯನಿದ್ದ.

ನಮಗೆ? 1991ರ ಮೊದಲ ಯೂನಿಕೋಡ್‌ನಲ್ಲೇ ಕನ್ನಡಕ್ಕೆ ಜಾಗ ಸಿಕ್ಕಿತು. ಆದರೂ ನಮ್ಮ ಬಳಗದ ಆರು ವರ್ಷಗಳ ಕವಿತೆ, ಜಗಳ, ರೂಮು ಹುಡುಕಾಟ ಎಲ್ಲವನ್ನೂ ಯಾರದೋ ಆ್ಯಪ್‌ನಲ್ಲಿ ಇಟ್ಟಿದ್ದೆವು. ಕಳೆದ ವರ್ಷ ಖಾತೆ ಮುಚ್ಚಿಹೋಯಿತು. ಯಾಕೆಂದು ಕೇಳಿದರೆ ಯಂತ್ರದ ಉತ್ತರ. ತೀರಿಕೊಂಡ ಗೆಳೆಯನೊಬ್ಬನ ಹನಿಗವನಗಳೂ ಅದರಲ್ಲಿದ್ದವು. ಬೇರೆಲ್ಲೂ ಪ್ರತಿಯಿಲ್ಲ. ತಪ್ಪು ನಮ್ಮದೂ ಹೌದು.

ಹಗಲೂ ರಾತ್ರಿ ಕಂಡವರ ಸರ್ವರ್ ಕಾಯುವ ನಾವು, ನಮ್ಮ ಮಾತಿಗೆಂದು ಒಂದು ಹಳೇ ಲ್ಯಾಪ್‌ಟಾಪ್ ಮೀಸಲಿಡಲಾರೆವೇ? ಪುರುಸೊತ್ತಿಲ್ಲ ಎನ್ನಬೇಡಿ. ವಾರ್ಡ್ ಕೂಡ ಐಬಿಎಂನಲ್ಲಿ ದುಡಿಯುತ್ತಿದ್ದವರೇ. ಸಿಬಿಬಿಎಸ್ ಕಟ್ಟಿದ್ದು ಬಿಡುವಿನಲ್ಲಿ.