ಉಳಿಯ ಬಾಯಿ, ಕಡಸಲಿನ ಮಾನ

ಥಾಣೆಯ ನೌಪಾಡಾದ ಹಳೆಯ ಮಾಳಿಗೆಯ ಮನೆಗಳು ಒಂದೊಂದಾಗಿ ನೆಲಕ್ಕುರುಳಿ ಅವುಗಳ ಸ್ಥಾನದಲ್ಲಿ ಬಹುಮಹಡಿಯ ಕಟ್ಟಡಗಳು ಮೇಲೇಳುತ್ತಿರುವ ಈ ದಿನಗಳಲ್ಲಿ, ಕೆಡವಿದ ಮೊಗಸಾಲೆಗಳಿಂದ ಬಿಚ್ಚಿ ಬೀದಿಯಂಚಿನಲ್ಲಿ ರಾಶಿ ಹಾಕಿದ ತೇಗದ ಕಟಾಂಜನದ ಕಂಬಿಗಳನ್ನು ಕ್ಷಣಕಾಲ ನಿಂತು ನೋಡಿದವರಿಗೆ ಒಂದು ಸಂಗತಿ ಗೋಚರವಾಗದೆ ಇರದು. ಎಣ್ಣೆಬಣ್ಣದ ಪದರಗಳು ಸುಲಿದುಹೋದ ಅಂತಹದೊಂದು ಕಂಬಿಯ ಮೇಲೆ ಹೆಬ್ಬೆರಳನ್ನು ಮೇಲಿನಿಂದ ಕೆಳಕ್ಕೆ ಎಳೆದರೆ, ಒಂದು ಮಣಿ ಮುಗಿದು ಮುಂದಿನ ಕೊರಕಲು ಆರಂಭವಾಗುವ ಎಡೆಯಲ್ಲಿ ಗೆರೆಯು ಇಂದಿಗೂ ಉಗುರಿಗೆ ಸಿಕ್ಕುವಷ್ಟು ಸ್ಫುಟವಾಗಿರುತ್ತದೆ. ಹೊಸ ಮನೆಗಳ ಮೆಟ್ಟಿಲುಗಳಿಗೆಂದು ಈಗ ಕಡೆದು ಬರುವ ಕಂಬಿಗಳಲ್ಲಿ ಬಹುಪಾಲಿಗೆ ಆ ಸ್ಫುಟತೆಯಿಲ್ಲ. ಉಬ್ಬು ಎಲ್ಲಿ ಮುಗಿಯಿತು, ತಗ್ಗು ಎಲ್ಲಿ ತೊಡಗಿತು ಎಂಬುದು ಉಜ್ಜುಕಾಗದದ ಘರ್ಷಣೆಯಲ್ಲಿ ಸವೆದುಹೋಗಿರುತ್ತದೆ. ಮೊದಲನೆಯದನ್ನು ಉಳಿ ಕತ್ತರಿಸಿದೆ. ಎರಡನೆಯದನ್ನು ಉಳಿ ಹೆರೆದು ಹರಿದಿದೆ, ಆ ಹರುಕನ್ನು ಕಾಗದ ಮುಚ್ಚಿದೆ.

ಈ ವ್ಯತ್ಯಾಸಕ್ಕೆ ಕಾರಣವನ್ನು ಹುಡುಕುವವರು ಸಾಮಾನ್ಯವಾಗಿ ಕುಶಲಕರ್ಮಿಯ ಶ್ರದ್ಧೆ ಕುಗ್ಗಿತೆಂದೋ ಮರದ ಗುಣ ಇಳಿಯಿತೆಂದೋ ಹೇಳಿಬಿಡುತ್ತಾರೆ. ನನ್ನ ಅಭಿಪ್ರಾಯದಲ್ಲಿ ಇವೆರಡೂ ಮುಖ್ಯ ಕಾರಣಗಳಲ್ಲ. ನಾವು ಕಡಸಲಿನ ಕಲೆಯನ್ನು ಮೇಳಗಳಲ್ಲಿ ಸನ್ಮಾನಿಸಿದೆವು, ಅದರ ಆಟಿಕೆಗಳನ್ನು ವಿದೇಶಗಳಿಗೆ ಕಳುಹಿಸಿದೆವು. ಆದರೆ ಆ ಕಲೆಯು ಮರವನ್ನು ಮುಟ್ಟುವ ಏಕೈಕ ಸ್ಥಾನವಾದ ಉಳಿಯ ಬಾಯಿಯ ಕುರಿತು ಸಾರ್ವಜನಿಕವಾಗಿ ಒಂದು ಮಾತನ್ನೂ ಆಡಲಿಲ್ಲ.

ಚನ್ನಪಟ್ಟಣದ ಉದಾಹರಣೆಯನ್ನೇ ತೆಗೆದುಕೊಳ್ಳೋಣ. ಬೆಂಗಳೂರು–ಮೈಸೂರು ಹೆದ್ದಾರಿಯ ಆ ಊರಿನ ಅರಗಿನ ಬಣ್ಣದ ಆಟಿಕೆಗಳಿಗೆ 2005-06ನೆಯ ಸಾಲಿನಲ್ಲಿ ಭೌಗೋಳಿಕ ಸೂಚಕದ ಮನ್ನಣೆ ದೊರೆಯಿತು. ಅಲ್ಲಿ ಬಳಕೆಯಾಗುವ ಆಲೆಮರವು ದಂತವರ್ಣದ, ಸೂಕ್ಷ್ಮ ಎಳೆಯ, ಮೃದುವಾದ ಮರ. ಮೃದುವಾದುದಕ್ಕೆ ಮೊಂಡು ಉಳಿಯೂ ಸಾಲದೆ ಎಂದು ಭಾವಿಸುವವರುಂಟು. ವಸ್ತುಸ್ಥಿತಿ ಇದಕ್ಕೆ ವಿಪರೀತವಾದುದು. ಗಟ್ಟಿಮರದ ಎಳೆಯು ಅಲಗಿಗೆ ಎದುರು ನಿಂತು ಕತ್ತರಿಸಿಕೊಳ್ಳುತ್ತದೆ. ಮೃದುಮರದ ಎಳೆಯು ಮೊಂಡು ಅಲಗಿನ ಮುಂದೆ ಬಾಗಿ, ಜಜ್ಜಿಹೋಗಿ, ಬೇರಿನಿಂದ ಕಿತ್ತುಬರುತ್ತದೆ. ತಿರುಗುತ್ತಿರುವ ಮರಕ್ಕೆ ಅರಗಿನ ಕಡ್ಡಿಯನ್ನು ಒತ್ತಿ, ಘರ್ಷಣೆಯ ಶಾಖದಲ್ಲಿ ಅದು ಕರಗಿ ಹರಡಿದ ಮೇಲೆ ತಾಳೆಗರಿಯಿಂದ ತೀಡಿದಾಗ ಬರುವ ಕನ್ನಡಿಯಂತಹ ಹೊಳಪು, ತನ್ನ ಅಡಿಯಲ್ಲಿ ಕಿತ್ತುಹೋದ ಎಳೆಯನ್ನು ಮರೆಮಾಚುವುದಿಲ್ಲ, ಎತ್ತಿಯೇ ತೋರಿಸುತ್ತದೆ. ನಮ್ಮ ಕೊಂಕಣದ ಸಾವಂತವಾಡಿಯಲ್ಲಿಯೂ ಮರದ ಆಟಿಕೆಯ ಕಸುಬು ಬಹುಕಾಲದಿಂದ ಬೆಳೆದು ಬಂದಿದೆ. ಕಡಸಲಿನ ಚರಕಿಗೆ ಮರವನ್ನು ಏರಿಸುವ ಕೈ ಯಾವ ಊರಿನದಾದರೂ ಈ ನಿಯಮದಿಂದ ಅದಕ್ಕೆ ವಿನಾಯಿತಿಯಿಲ್ಲ.

ಉಳಿಯ ಗುಣವೆಂದೊಡನೆ ಉಕ್ಕಿನ ಪ್ರಶ್ನೆ ಮೊದಲು ಬರುತ್ತದೆ. ಇಂಗಾಲದ ಉಕ್ಕಿನ ಉಳಿಯು ಅತ್ಯಂತ ಸೂಕ್ಷ್ಮವಾದ ಅಲಗನ್ನು ಪಡೆಯಬಲ್ಲುದು; ಆದರೆ ಸಾಣೆಯ ಚಕ್ರದ ಮೇಲೆ ಅದರ ತುದಿ ಒಮ್ಮೆ ನೀಲಿಗಟ್ಟಿತೆಂದರೆ, ಅಂದರೆ ಶಾಖವು ಸುಮಾರು 300 ಡಿಗ್ರಿ ಸೆಲ್ಸಿಯಸ್ ತಲುಪಿತೆಂದರೆ, ಅಷ್ಟು ಭಾಗದ ಹದ ಕೆಟ್ಟಿತೆಂದೇ ತಿಳಿಯತಕ್ಕದ್ದು. ಅಮೆರಿಕದ ಟೇಲರ್ ಮತ್ತು ವೈಟ್ ಎಂಬಿಬ್ಬರ ಪ್ರಯೋಗದ ಫಲವಾಗಿ 1900ರ ಪ್ಯಾರಿಸ್ ವಸ್ತುಪ್ರದರ್ಶನದಲ್ಲಿ ಜಗತ್ತಿನ ಕಣ್ಣಿಗೆ ಬಿದ್ದ ಹೈಸ್ಪೀಡ್ ಉಕ್ಕು, ಇದಕ್ಕೆ ಇಮ್ಮಡಿ ಶಾಖದಲ್ಲಿಯೂ ತನ್ನ ಕಾಠಿಣ್ಯವನ್ನು ಬಹುಮಟ್ಟಿಗೆ ಉಳಿಸಿಕೊಳ್ಳುತ್ತದೆ. ವಿದ್ಯುತ್ ಚರಕಿಯ ವೇಗಕ್ಕೆ ಇದೇ ಯೋಗ್ಯವೆಂಬುದರಲ್ಲಿ ಸಂಶಯವಿಲ್ಲ. ಹಳೆಯ ಅರವನ್ನು ಮಸೆದು ಉಳಿ ಮಾಡಿಕೊಳ್ಳುವ ರೂಢಿಯನ್ನಂತೂ, ಅದರ ಹಿಂದಿರುವ ಮಿತವ್ಯಯವನ್ನು ಗೌರವಿಸುತ್ತಲೇ, ಬಿಡಿಸಬೇಕಾಗಿದೆ. ಅರದ ಉಕ್ಕು ಗಾಜಿನಷ್ಟು ಪೆಡಸು, ಮರದ ಗಂಟಿಗೆ ಸಿಕ್ಕಿ ಅದು ಮುರಿದಾಗ ಚೂರು ಹಾರುವುದು ಕೆಲಸಗಾರನ ಮುಖದ ಕಡೆಗೆ.

ಆದರೆ ಒಳ್ಳೆಯ ಉಕ್ಕಿದ್ದ ಮಾತ್ರಕ್ಕೆ ಉಳಿ ಒಳ್ಳೆಯದಾಗದು. ಅಲಗೆಂಬುದು ಎರಡು ಮೈಗಳು ಸಂಧಿಸುವ ರೇಖೆಯಾದುದರಿಂದ ಆ ಎರಡರಲ್ಲಿ ಯಾವುದು ಒರಟಾಗಿದ್ದರೂ ರೇಖೆಯು ಗರಗಸದ ಹಲ್ಲಿನಂತಾಗುವುದು ಅನಿವಾರ್ಯ. ಗೌಜು ಎಂಬ ಬಾಗುಮೈಯ ಉಳಿಯ ಒಳಗಾಲುವೆಯಲ್ಲಿ ಯಂತ್ರವು ಬಿಟ್ಟುಹೋದ ಗೀರುಗಳು ಹಾಗೆಯೇ ಉಳಿದಿದ್ದರೆ, ಹೊರಮೈಯನ್ನು ಎಷ್ಟು ಹೊತ್ತು ಸಾಣೆ ಹಿಡಿದರೂ ಅವು ಅಲಗಿಗೆ ಬಂದು ಸೇರುತ್ತವೆ. ಆದುದರಿಂದ ಮುಂಬಯಿಯ ನಾಗದೇವಿ ಬೀದಿಯಲ್ಲಾಗಲಿ ಬೇರೆಲ್ಲಿಯಾಗಲಿ ಗೌಜನ್ನು ಕೊಳ್ಳುವವರು, ಹಿಡಿಯ ಮೆರುಗನ್ನು ಬಿಟ್ಟು, ಕಾಲುವೆಯನ್ನು ಬೆಳಕಿಗೆ ಓರೆಯಾಗಿ ಹಿಡಿದು ನೋಡತಕ್ಕದ್ದು. ಓರೆಯುಳಿಯಲ್ಲಿ ಪರೀಕ್ಷಿಸಬೇಕಾದುದು ಬೇರೆ: ಅದರ ದಂಡದ ಅಂಚುಗಳು ಚೂಪಾಗಿದ್ದರೆ ಚರಕಿಯ ಆನಿಕೆಯ ಮೇಲೆ ಸಣ್ಣ ಸಣ್ಣ ಕಚ್ಚುಗಳು ಬೀಳುತ್ತವೆ, ಮರುದಿನ ಆ ಕಚ್ಚಿಗೆ ತಡೆದು ಉಳಿ ಕುಪ್ಪಳಿಸುತ್ತದೆ, ಮಣಿಯ ಮೈಯಲ್ಲಿ ಗಾಯವಾಗುತ್ತದೆ. ಆ ಅಂಚುಗಳನ್ನು ಎಣ್ಣೆಗಲ್ಲಿನ ಮೇಲೆ ನಾಲ್ಕು ಸಲ ತೀಡಿ ದುಂಡುಮಾಡುವುದಕ್ಕೆ ಹೆಚ್ಚು ಹೊತ್ತು ಬೇಡ.

ಪಾಲನೆಯ ವಿಷಯದಲ್ಲಿ ಥಾಣೆಯ ಮಳೆಗಾಲವೇ ಕಠಿಣ ಪರೀಕ್ಷಕ. ಜೂನಿನಿಂದ ಸೆಪ್ಟೆಂಬರಿನ ಪರ್ಯಂತ ಒರೆಸದೆ ಬಿಟ್ಟ ಉಳಿಯ ಮೇಲೆ ತುಕ್ಕಿನ ಚುಕ್ಕೆಗಳು ಏಳುತ್ತವೆ. ತುಕ್ಕು ಉಕ್ಕಿನೊಳಗೆ ಕೊರೆದ ಕುಳಿಯು ಮುಂದೆ ಅಲಗಿನಲ್ಲಿ ಹಲ್ಲಾಗಿ ಕಾಣಿಸಿಕೊಳ್ಳುತ್ತದೆ. ಹಸಿಮರದ ರಸ ತಾಗಿದ ಉಳಿಗೆ ಅಷ್ಟು ಕಾಲವೂ ಬೇಡ. ಸಂಜೆ ಒಣಬಟ್ಟೆಯಿಂದ ಒರೆಸಿ ಎಣ್ಣೆಯ ಕೈಯಾಡಿಸುವುದು, ಅಲಗಿಗೆ ಅಲಗು ತಾಗದಂತೆ ಒಂದೊಂದನ್ನೂ ಬೇರೆ ಬೇರೆ ಗೂಡಿನಲ್ಲಿಡುವುದು, ಇವು ಖರ್ಚಿಲ್ಲದ ಶಿಸ್ತುಗಳು.

ಈಗ ಸರ್ಕಾರದ ಮಾತು. 2023ರ ಸೆಪ್ಟೆಂಬರ್ 17ರಂದು ಆರಂಭವಾದ ಪಿ.ಎಂ. ವಿಶ್ವಕರ್ಮ ಯೋಜನೆಯಲ್ಲಿರುವ 18 ಕಸುಬುಗಳಲ್ಲಿ ಬಡಗಿಯೂ ಸಾಂಪ್ರದಾಯಿಕ ಗೊಂಬೆ–ಆಟಿಕೆ ತಯಾರಕನೂ ಸೇರಿದ್ದಾರೆ. ಉಪಕರಣಗಳಿಗಾಗಿ ಒಬ್ಬೊಬ್ಬರಿಗೆ 15,000 ರೂಪಾಯಿಯ ವರೆಗೆ ನೆರವಿದೆ. ಇದನ್ನು ನಾನು ಮನಃಪೂರ್ವಕವಾಗಿ ಸ್ವಾಗತಿಸುತ್ತೇನೆ. ಆದರೆ ಕಡಸಲಿನವನಿಗೆ ಸಲ್ಲುವ ಉಪಕರಣಗಳ ಪೈಕಿ ಸಾಣೆಯ ಚಕ್ರ, ಎಣ್ಣೆಗಲ್ಲು, ಓರೆಯ ಕೋನವನ್ನು ಅಳೆಯುವ ಅಚ್ಚು, ಇವು ಮೂರು ಕಡ್ಡಾಯವಾಗಬೇಕು. ಉಳಿಯ ಮೇಲೆ ಉಕ್ಕಿನ ಜಾತಿಯನ್ನು ಅಚ್ಚೊತ್ತದ ತಯಾರಕನ ಮಾಲನ್ನು ಸ್ವೀಕರಿಸಕೂಡದು. ಯೋಜನೆಯ ಪ್ರಾಥಮಿಕ ತರಬೇತಿಯ ದಿನಗಳಲ್ಲಿ ಒಂದಿಡೀ ದಿನವನ್ನು, ಮರವನ್ನು ಮುಟ್ಟಗೊಡದೆ, ಹದ ಮತ್ತು ಸಾಣೆಗೆ ಮೀಸಲಿಡಬೇಕು. ಅದನ್ನು ಕಲಿಸುವುದಕ್ಕೆ ಪ್ರಮಾಣಪತ್ರ ಹೊಂದಿದ ಬೋಧಕನಿಗಿಂತ, ಚನ್ನಪಟ್ಟಣದಲ್ಲಿ ಜೀವಮಾನವೆಲ್ಲ ಚರಕಿಯ ಮುಂದೆ ಕುಳಿತ ಹಿರಿಯ ಕೆಲಸಗಾರನನ್ನು ಗೌರವಧನವಿತ್ತು ಕರೆಯಬೇಕು. ನಮ್ಮ ವಾಗ್ಳೆ ಎಸ್ಟೇಟಿನಂತಹ ಕೈಗಾರಿಕಾ ವಸಾಹತುಗಳಲ್ಲಿ ಲೋಹ ಕೊರೆಯುವ ಹತಾರಗಳನ್ನು ಸೂಕ್ಷ್ಮ ಅಳತೆಗೆ ಸಾಣೆ ಹಿಡಿಯಬಲ್ಲ ಕೈಗಳಿವೆ. ಅವರಲ್ಲೊಬ್ಬನನ್ನು ಅದೇ ದಿನ ಆ ಹಿರಿಯನ ಪಕ್ಕದಲ್ಲಿ ಕೂರಿಸಿದರೆ ಇಬ್ಬರೂ ಒಬ್ಬರಿಂದೊಬ್ಬರು ಕಲಿಯತಕ್ಕದ್ದು ಬಹಳವಿದೆ.