ಮಳೆ ಚಿಂತೆ ಊರಿಗೆಲ್ಲ, ಸಂಕಟ ಒಬ್ಬೊಬ್ಬನಿಗೇ

ಕನಕಪುರದಿಂದ ಸಂಗಮದ ಕಡೆಗೆ ಹೊರಡುವ ಬಸ್ಸಿನಲ್ಲಿ ದೊಡ್ಡಆಲಹಳ್ಳಿಗೆ ಟಿಕೆಟ್ ತಗೊಂಡವರನ್ನು ಸ್ವಲ್ಪ ಗಮನಿಸಿ. ಕಿಟಕಿ ಸೀಟು ಸಿಕ್ಕವನು ಮೊದಲು ನೋಡುವುದು ಮುಗಿಲು, ಆಮೇಲೆ ಮೊಬೈಲು. ಪಕ್ಕದವನ ಮುಖ ನೋಡುವಷ್ಟರಲ್ಲಿ ಇಳಿಯುವ ಸ್ಟಾಪು ಬಂದಿರುತ್ತದೆ. ಹಿಂದೆ "ಏನಣ್ಣ, ಮಳೆ ಹೆಂಗೆ ನಿಮ್ಮ ಕಡೆ?" ಎಂದು ಒಬ್ಬ ಕೇಳಿದರೆ ಸಾಕು, ಅರ್ಧ ಬಸ್ಸು ಬಾಯಿ ಬಿಡುತ್ತಿತ್ತು. ಈಗ ಮಳೆಯ ಚಿಂತೆ ಹಿಂದಿಗಿಂತ ಜಾಸ್ತಿ, ಕೇಳುವವರು ಮಾತ್ರ ಕಮ್ಮಿ.

ಚಿಂತೆ ಸುಮ್ಮನೆ ಬಂದದ್ದಲ್ಲ. 2021ರ ನವೆಂಬರಿನಲ್ಲಿ ರಾಗಿ ಕೊಯ್ಲಿಗೆ ಬಂದ ಹೊತ್ತಿಗೆ ದಕ್ಷಿಣ ಕರ್ನಾಟಕದಲ್ಲೆಲ್ಲ ಮಳೆ ಹಿಡಿದು, ತೆನೆ ಹೊಲದಲ್ಲೇ ಮೊಳೆಯಿತು. 2022ರ ಆಗಸ್ಟ್ ಕೊನೆಯಲ್ಲಿ ರಾಮನಗರದ ಬಳಿ ಹೆದ್ದಾರಿಯ ಮೇಲೇ ನೀರು ನಿಂತು ಬಸ್ಸು, ಕಾರುಗಳು ಮುಳುಗಿದವು. ಅದಾದ ಮರುವರ್ಷವೇ ಮಳೆ ಕೈಕೊಟ್ಟು, ಸರ್ಕಾರ ರಾಜ್ಯದ 223 ತಾಲ್ಲೂಕುಗಳನ್ನು ಬರಪೀಡಿತ ಎಂದು ಘೋಷಿಸಬೇಕಾಯಿತು. 2024ರ ಏಪ್ರಿಲ್ 28ರಂದು ತಂಪಿನ ಊರೆಂದು ಹೆಸರಾದ ಬೆಂಗಳೂರಿನಲ್ಲೇ 38.5 ಡಿಗ್ರಿ ಬಿಸಿಲು. ಆ ವರ್ಷ ಇಡೀ ಭೂಮಿಗೇ ಅಳತೆ ಶುರುವಾದಂದಿನಿಂದ ಅತಿ ಬಿಸಿಯ ವರ್ಷವೆಂದು ವಿಶ್ವ ಹವಾಮಾನ ಸಂಸ್ಥೆ ಹೇಳಿದೆ. 2025ರಲ್ಲಿ ಜಿಲ್ಲೆಯ ಹೆಸರು ಬೆಂಗಳೂರು ದಕ್ಷಿಣ ಎಂದಾಯಿತು. ಬಿಸಿಲಿಗೆ ಈ ಸುದ್ದಿ ತಲುಪಿದಂತಿಲ್ಲ.

ಭರಣಿ ಮಳೆ ಬಂದರೆ ಧರಣಿಯೆಲ್ಲ ಬೆಳೆ ಅಂತ ಲೆಕ್ಕ ಹಾಕಿ ಬದುಕಿದ ಜನ ಇವರು. ಯಾವ ನಕ್ಷತ್ರಕ್ಕೆ ಬಿತ್ತನೆ, ಯಾವುದಕ್ಕೆ ಕುಂಟೆ ಎಂಬುದು ಬಾಯಿಪಾಠ. ಈಗ ಆ ಲೆಕ್ಕ ತಪ್ಪುತ್ತಿದೆ. ಅರವತ್ತು ವರ್ಷದ ರೈತನಿಗೆ ಇದು ಬರೀ ಬೆಳೆ ನಷ್ಟವಲ್ಲ. ತನಗೆ ಗೊತ್ತಿದ್ದ ವಿದ್ಯೆಯೇ ಕೆಲಸಕ್ಕೆ ಬಾರದಂತಾದರೆ, ಮಗನಿಗೆ ಏನು ಹೇಳಿಕೊಡುವುದು? ಮಗನಾದರೂ ಎಲ್ಲಿದ್ದಾನೆ? ಬೆಂಗಳೂರಿನಲ್ಲಿ.

ರೇಷ್ಮೆ ಮನೆಯಲ್ಲಿ ಈ ಸಂಕಟ ಇನ್ನೂ ಹತ್ತಿರದಿಂದ ಕಾಣುತ್ತದೆ. ದೊಡ್ಡ ಹುಳುವಿಗೆ 24, 25 ಡಿಗ್ರಿ ಹಿತ. ಬೇಸಿಗೆಯಲ್ಲಿ ಶೀಟಿನ ಮನೆಯೊಳಗೆ ಅಷ್ಟು ತಂಪು ಎಲ್ಲಿಂದ ತರುವುದು? ಗೋಣಿತಾಟು ನೆನೆಸಿ ಕಿಟಕಿಗೆ ಕಟ್ಟಬೇಕು, ಮಾಡಿನ ಮೇಲೆ ನೀರು ಚೆಲ್ಲಬೇಕು. ಬೋರ್‌ವೆಲ್ ಬತ್ತಿದ್ದರೆ ಅದೂ ಇಲ್ಲ. ಬಿಳಿ ಗೂಡಿನ ದ್ವಿತಳಿ ಹುಳುವಂತೂ ಸೆಕೆಗೆ ಬೇಗ ಸೊರಗುತ್ತೆ. ನಾಲ್ಕನೇ ಜ್ವರ ದಾಟಿದ ಮೇಲೆ, ಸೊಪ್ಪೆಲ್ಲ ತಿಂದು ಮುಗಿಸಿದ ಮೇಲೆ, ಚಂದ್ರಂಕಿಗೆ ಬಿಡುವ ಹೊತ್ತಿಗೆ ಸಪ್ಪೆ ರೋಗ ಬಂದರೆ ಸೊಪ್ಪಿನ ಖರ್ಚೂ ಹೋಯಿತು, ಆಳಿನ ಖರ್ಚೂ ಹೋಯಿತು. ರಾತ್ರಿ ಎರಡು ಗಂಟೆಗೆ ಬ್ಯಾಟರಿ ಹಿಡಿದು ತಟ್ಟೆ ತಟ್ಟೆ ನೋಡುವವನ ಜೊತೆ ಆಗ ಯಾರಿರುತ್ತಾರೆ? ಹೊರಗೆ ಹೋಗಿ ಯಾರನ್ನಾದರೂ ಎಬ್ಬಿಸೋಣ ಅಂದರೆ ಕಾಡಂಚಿನ ಹಳ್ಳಿಗಳಲ್ಲಿ ಆನೆಯ ಭಯ.

ಹಿಂದೆ ಬರ ಇರಲಿಲ್ಲ ಅಂತ ಯಾರೂ ಹೇಳೋದಿಲ್ಲ. ಆದರೆ ಮಳೆ ಹೋದರೆ ಊರಿನ ಹುಡುಗರು ಮಣ್ಣಿನ ಮಳೆರಾಯನನ್ನು ಮಾಡಿ, ತಲೆ ಮೇಲೆ ಹೊತ್ತು ಮನೆ ಮನೆಗೆ ಬರುತ್ತಿದ್ದರು. ಹೆಂಗಸರು ಕೊಡದಿಂದ ನೀರು ಹುಯ್ಯುತ್ತಿದ್ದರು, ಮೊರದಲ್ಲಿ ರಾಗಿಯೋ ಅಕ್ಕಿಯೋ ಹಾಕುತ್ತಿದ್ದರು, ಕೂಡಿದ್ದನ್ನು ಬೇಯಿಸಿ ಎಲ್ಲರೂ ಉಣ್ಣುತ್ತಿದ್ದರು. ಅದರಿಂದ ಮಳೆ ಬಂತೋ ಇಲ್ಲವೋ, ಆ ವಾದ ಬೇರೆ. ಯಾರ ಮನೆ ಬಾಗಿಲು ತೆರೆಯಲಿಲ್ಲ, ಯಾರ ಮೊರದಲ್ಲಿ ಕಾಳಿಲ್ಲ ಎಂಬುದು ಅವತ್ತು ಊರಿಗೆ ತಿಳಿಯುತ್ತಿತ್ತು. ಈಗ ಬರ ಪರಿಹಾರ ನೇರ ಬ್ಯಾಂಕ್ ಖಾತೆಗೆ ಬೀಳುತ್ತೆ. ದಳ್ಳಾಳಿ ತಪ್ಪಿದ್ದು ಒಳ್ಳೆಯದೇ. ಆದರೆ ಯಾರೂ ಯಾರ ಬಾಗಿಲಿಗೂ ಬರಬೇಕಾಗಿಲ್ಲ.

"ಒಂಟಿತನ, ಮನಸ್ಸಿನ ಬೇನೆ ಎಲ್ಲ ಪ್ಯಾಟೆಯವರ ಕಾಯಿಲೆ, ಹೊಟ್ಟೆ ತುಂಬಿದವರದ್ದು" ಎಂದು ನಗುವವರು ಉಂಟು. ಅವರು ವಿಶ್ವ ಆರೋಗ್ಯ ಸಂಸ್ಥೆಯ 2025ರ ವರದಿ ಕೇಳಲಿ: ಜಗತ್ತಿನಲ್ಲಿ ಆರು ಜನರಲ್ಲಿ ಒಬ್ಬರಿಗೆ ಒಂಟಿತನದ ಬಾಧೆ, ವರ್ಷಕ್ಕೆ 8 ಲಕ್ಷ 71 ಸಾವಿರ ಸಾವುಗಳಿಗೆ ಅದರ ನಂಟು. ಬಡ ದೇಶಗಳಲ್ಲಿ ಈ ಬಾಧೆ ಶ್ರೀಮಂತ ದೇಶಗಳಿಗಿಂತ ಜಾಸ್ತಿ. ಅಲ್ಲಿಗೆ ಹೊಟ್ಟೆ ತುಂಬಿದವರ ಕಾಯಿಲೆ ಎಂಬ ಮಾತು ಬಿತ್ತು.

ಹೆಂಗಸರಿಗೆ ಸ್ವಸಹಾಯ ಸಂಘದ ಸಭೆಯಾದರೂ ಇದೆ. ಕಂತು ಕಟ್ಟುವ ನೆಪದಲ್ಲಿ ನಾಲ್ಕು ಮಾತು ಆಗುತ್ತೆ. ಗಂಡಸಿಗೆ ಏನಿದೆ? ಟೀ ಅಂಗಡಿಯಲ್ಲಿ ರಾಜಕೀಯ ಮಾತಾಡುತ್ತಾನೆ. ಡಿ.ಕೆ. ಶಿವಕುಮಾರ್ ಅವರ ಊರಲ್ಲವೇ, ರಾಜಕೀಯಕ್ಕೆ ಬರವಿಲ್ಲ! ಮೇಕೆದಾಟು ಅಣೆಕಟ್ಟಿನ ಬಗ್ಗೆ ಗಂಟೆಗಟ್ಟಲೆ ಹೇಳಿಯಾನು. "ನನ್ನ ಹುಳ ಹೋಯ್ತು, ನಿದ್ದೆ ಬರ್ತಿಲ್ಲ" ಎಂದು ಹೇಳಲಾರ. ಅವನ ಸಂಕಟ ಮೊದಲು ಗೊತ್ತಾಗುವುದು ದಿನಸಿ ಅಂಗಡಿಯವರಿಗೆ. ಸಾಲದ ಪುಸ್ತಕದಲ್ಲಿ ಲೆಕ್ಕ ಬೆಳೆಯುತ್ತದೆ, ಆಮೇಲೆ ಮನುಷ್ಯ ಅಂಗಡಿ ಕಡೆ ಬರುವುದನ್ನೇ ಬಿಟ್ಟು ಸುತ್ತು ದಾರಿ ಹಿಡಿಯುತ್ತಾನೆ. ಹಾಗೆ ಸುತ್ತು ದಾರಿ ಹಿಡಿದವನ ಮನೆಗೆ ಅಂಗಡಿಯವರು ಒಮ್ಮೆ ಹೋಗಿ ಬರಲಿ, ಪುಸ್ತಕ ಮಾತ್ರ ಅಂಗಡಿಯಲ್ಲೇ ಬಿಟ್ಟು.

ಸರ್ಕಾರದ ಕೈಯಲ್ಲಿ ಏನೂ ಇಲ್ಲ ಅಂತಲ್ಲ. ಮನಸ್ಸಿನ ಕಷ್ಟ ಹೇಳಿಕೊಳ್ಳಲು 14416 ಎಂಬ ಟೆಲಿ ಮಾನಸ್ ನಂಬರು 2022ರ ಅಕ್ಟೋಬರಿನಿಂದ ಇದೆ. ಹಗಲು ರಾತ್ರಿ ಪುಕ್ಕಟೆ, ಕನ್ನಡದಲ್ಲೇ ಮಾತಾಡಬಹುದು. ಮಳೆ ವಿಚಾರ ತಿಳಿಯಲು ವರುಣಮಿತ್ರ ಸಹಾಯವಾಣಿಯೂ ಇದೆ. ಇಂಥವು ಇವೆ ಅಂತ ಊರಿನಲ್ಲಿ ಎಷ್ಟು ಜನಕ್ಕೆ ಗೊತ್ತು? ನಂಬರು ಕಡತದಲ್ಲಿದ್ದರೆ ರಾತ್ರಿ ಎರಡು ಗಂಟೆಯಲ್ಲಿ ರೇಷ್ಮೆ ಮನೆಯಲ್ಲಿ ನಿಂತವನಿಗೆ ಏನು ಪ್ರಯೋಜನ?

ಬೆಳಿಗ್ಗೆ ಸಂಜೆ ಜನ ತಪ್ಪದೆ ಸೇರುವ ಜಾಗ ಈಗ ಉಳಿದಿರುವುದು ಹಾಲಿನ ಡೇರಿ ಒಂದೇ. ಅಲ್ಲೊಂದು ಬೋರ್ಡು, ಬಸ್ ನಿಲ್ದಾಣದಲ್ಲಿ ಒಂದು, ಕನಕಪುರದ ಗೂಡಿನ ಮಾರುಕಟ್ಟೆ ಬಾಗಿಲಲ್ಲಿ ಇನ್ನೊಂದು ಬರೆಸಲಿ. ವಾರಕ್ಕೊಮ್ಮೆ ಹಾಲು ಅಳೆದ ಮೇಲೆ ರೇಷ್ಮೆ ಇಲಾಖೆಯವರೂ ಕೃಷಿ ಇಲಾಖೆಯವರೂ ಅದೇ ಜಗಲಿಯಲ್ಲಿ ಕೂತು, ಮುಂದಿನ ವಾರದ ಬಿಸಿಲು ಮಳೆ ಹೇಗೆ, ಹುಳು ಕಟ್ಟಬಹುದೋ ಬೇಡವೋ ಎಂದು ನಾಲ್ಕು ಜನರ ಎದುರು ಹೇಳಲಿ. ಮೂರು ಬೋರ್ಡಿಗೆ ಬಣ್ಣದ ಖರ್ಚು ಎಷ್ಟಾದೀತು? ಪಂಚಾಯ್ತಿಯವರು ಲೆಕ್ಕ ಹಾಕಿ ಹೇಳುವರೇ?