ಪರ್ಸೆಂಟೇಜ್ ಇಳಿಸೋದು ಬೇರೆ, ಆಕರ ಹುಡುಕೋದು ಬೇರೆ

ಜರ್ಮನಿಗೆ ಹೊಸದಾಗಿ ಬರುವ ಕನ್ನಡದ ವಿದ್ಯಾರ್ಥಿಗಳಿಗೆ ನಾವು ಏನೇನು ಹೇಳಿಕೊಡ್ತೀವಿ ಅಂತ ಒಮ್ಮೆ ಪಟ್ಟಿ ಮಾಡಿ ನೋಡಿ. ವಿಳಾಸ ನೋಂದಣಿ, ಬ್ಲಾಕ್ಡ್ ಅಕೌಂಟ್, ಆರೋಗ್ಯ ವಿಮೆ, ಸಿಮ್ ಕಾರ್ಡ್, ಯಾವ ಕಸ ಯಾವ ಡಬ್ಬಿಗೆ, ಸೋನಾ ಮಸೂರಿ ಎಲ್ಲಿ ಸಿಗುತ್ತೆ. ಎಲ್ಲವೂ ಬೇಕಾದ ಮಾತೇ. ಆದರೆ ಎರಡು ವರ್ಷದ ಮಾಸ್ಟರ್ಸ್‌ನಲ್ಲಿ ಕೊನೆಗೆ ನಮ್ಮ ಕೈ ಹಿಡಿಯಬೇಕಾದ ಗ್ರಂಥಾಲಯದ ಬಗ್ಗೆ ಹೇಳೋದು ಇಷ್ಟೇ: "ಅಲ್ಲಿ ವೈಫೈ ಚೆನ್ನಾಗಿದೆ, ಚಳಿಗಾಲದಲ್ಲಿ ಬೆಚ್ಚಗಿರುತ್ತೆ."

ಇದು ಬದಲಾಗಬೇಕು ಅನ್ನೋದು ನಮ್ಮ ವಾದ. ಇಲ್ಲಿನ ವಿಶ್ವವಿದ್ಯಾಲಯಗಳ ಗ್ರಂಥಪಾಲಕರು ಪುಸ್ತಕ ಕಾಯುವವರಷ್ಟೇ ಅಲ್ಲ, ಪಾಠ ಹೇಳುವವರು ಕೂಡ. ಆ ಪಾಠವನ್ನು ನಾವು ಕೇಳಿ ಪಡೆಯಬೇಕು, ಊರಿನ ಕಾಲೇಜುಗಳಲ್ಲೂ ಅದು ಶುರುವಾಗಲಿ ಅಂತ ಒತ್ತಾಯಿಸಬೇಕು.

ನಮ್ಮಲ್ಲಿ ಬಹಳಷ್ಟು ಜನ ಇಂಜಿನಿಯರಿಂಗ್ ಮುಗಿಸಿ ಬಂದವರು. ಕಾಲೇಜಿನ ಲೈಬ್ರರಿ ಅಂದರೆ ನಮಗೆ ನೆನಪಾಗೋದು ಬಾಗಿಲಲ್ಲಿ ಬ್ಯಾಗ್ ಇಡೋದು, ತಡವಾದರೆ ಫೈನ್, ಕೊನೆಯ ಸೆಮಿಸ್ಟರ್‌ನಲ್ಲಿ ನೋ ಡ್ಯೂ ಸಹಿ. ಇದರಲ್ಲಿ ಗ್ರಂಥಪಾಲಕರದ್ದು ಏನೂ ತಪ್ಪಿಲ್ಲ. ಯುಜಿಸಿ ನಿಯಮದಲ್ಲಿ ಕಾಲೇಜು ಗ್ರಂಥಪಾಲಕರ ವೇತನಶ್ರೇಣಿ ಸಹಾಯಕ ಪ್ರಾಧ್ಯಾಪಕರಿಗೆ ಸಮ. ಸಂಬಳದ ಪಟ್ಟಿಯಲ್ಲಿ ಮೇಷ್ಟ್ರಿಗೆ ಸಮ, ಟೈಮ್‌ಟೇಬಲ್‌ನಲ್ಲಿ ಮಾತ್ರ ವಾರಕ್ಕೆ ಒಂದು ಗಂಟೆಯೂ ಇಲ್ಲ. ಅವರಿಗೆ ಗೊತ್ತಿರೋದನ್ನು ಹೇಳಿಕೊಡೋಕೆ ನಾವು ಜಾಗವನ್ನೇ ಕೊಟ್ಟಿಲ್ಲ.

ಅದರ ಫಲ ಏನು? ಕೃತಿಚೌರ್ಯ ಅನ್ನೋದು ನಮ್ಮಲ್ಲಿ ಒಂದು ನಂಬರ್ ಆಗಿಬಿಟ್ಟಿದೆ. ಯುಜಿಸಿ 2018ರಲ್ಲಿ ತಂದ ನಿಯಮಾವಳಿಯಲ್ಲಿ ಹೋಲಿಕೆಯನ್ನು ಹಂತಹಂತವಾಗಿ ವಿಂಗಡಿಸಲಾಗಿದೆ: ಶೇ 10ರವರೆಗೆ ದಂಡನೆ ಇಲ್ಲ, ನಂತರ 40, 60 ಅಂತ ಗೆರೆಗಳು. ವಿದ್ಯಾರ್ಥಿಗಳಿಗೆ ತರಬೇತಿ ಕೊಡಬೇಕು ಅನ್ನೋ ಮಾತೂ ಅದೇ ನಿಯಮಾವಳಿಯಲ್ಲಿದೆ. ಆದರೆ ಕ್ಯಾಂಪಸ್‌ಗೆ ತಲುಪಿದ್ದು 10 ಅನ್ನೋ ಅಂಕಿ ಒಂದೇ. "ನಿಂದು ಎಷ್ಟು ಪರ್ಸೆಂಟ್ ಬಂತು?" ಅಂತ ಕೇಳ್ತಾರೆಯೇ ಹೊರತು "ಈ ಮಾತು ಎಲ್ಲಿಂದ ಬಂತು?" ಅಂತ ಯಾರೂ ಕೇಳಲ್ಲ. ಪದ ತಿರುಗಿಸಿ ಅಂಕಿ ಇಳಿಸಿದರೆ ರಿಪೋರ್ಟ್ ಪಾಸ್. ಆದರೆ ಬೇರೆಯವರ ಯೋಚನೆಯನ್ನು ನಮ್ಮ ಮಾತಲ್ಲಿ ಬರೆದು ಹೆಸರು ಹೇಳದೆ ಬಿಟ್ಟರೆ ಅದೂ ಚೌರ್ಯವೇ. ಅದು ಸಾಫ್ಟ್‌ವೇರ್‌ಗೆ ಕಾಣಿಸದೇ ಹೋಗಬಹುದು, ಅಷ್ಟೇ.

ಜರ್ಮನಿಯಲ್ಲಿ ಈ ಲೆಕ್ಕ ನಡೆಯೋದಿಲ್ಲ. ಥೀಸಿಸ್ ಜೊತೆಗೆ "ಇದನ್ನು ಸ್ವತಂತ್ರವಾಗಿ ಬರೆದಿದ್ದೇನೆ, ಬಳಸಿದ ಆಕರಗಳನ್ನೆಲ್ಲ ಹೇಳಿದ್ದೇನೆ" ಅಂತ ಸಹಿ ಹಾಕಿ ಕೊಡಬೇಕು. ಆ ಸಹಿಗೆ ತೂಕ ಇದೆ. 2011ರಲ್ಲಿ ರಕ್ಷಣಾ ಸಚಿವ ಕಾರ್ಲ್ ಥಿಯೋಡೋರ್ ತ್ಸು ಗುಟ್ಟನ್‌ಬೆರ್ಗ್ ಅವರ ಡಾಕ್ಟರೇಟನ್ನು ಬೈರೊಯ್ಟ್ ವಿಶ್ವವಿದ್ಯಾಲಯ ವಾಪಸ್ ಪಡೆಯಿತು, ಸಚಿವ ಸ್ಥಾನವೂ ಹೋಯಿತು. 2013ರಲ್ಲಿ ಶಿಕ್ಷಣ ಸಚಿವೆ ಆನೆಟ್ಟೆ ಶಾವಾನ್ ಅವರ 1980ರ ಡಾಕ್ಟರೇಟನ್ನು ಡ್ಯುಸೆಲ್‌ಡೋರ್ಫ್ ವಿಶ್ವವಿದ್ಯಾಲಯ ರದ್ದು ಮಾಡಿತು. ಬರೆದು ಮೂವತ್ತಕ್ಕೂ ಹೆಚ್ಚು ವರ್ಷಗಳಾದ ಮೇಲೆ! ಸಚಿವರಿಗೇ ಹೀಗಾದರೆ, ವೀಸಾ ಮೇಲೆ ಇರುವ ವಿದ್ಯಾರ್ಥಿಯ ಗತಿ ಏನು ಅಂತ ಬಿಡಿಸಿ ಹೇಳಬೇಕಾಗಿಲ್ಲ. ಎಜುಕೇಷನ್ ಲೋನ್ ತಲೆ ಮೇಲಿದ್ದಾಗ ಒಂದು ಥೀಸಿಸ್ ಬಿದ್ದುಹೋದರೆ ಪೆಟ್ಟು ಬೀಳೋದು ಮನೆಮಂದಿಗೆಲ್ಲ.

ಇನ್ನು ಇಲ್ಲಿನ ಗ್ರಂಥಪಾಲಕರು ಏನು ಕಲಿಸ್ತಾರೆ? ಇಲ್ಲಿ ಫಾಖ್‌ರೆಫೆರೆಂಟ್ ಅಂತ ಒಂದು ಹುದ್ದೆ ಇದೆ. ಒಂದು ವಿಷಯದಲ್ಲಿ ಪದವಿ ಪಡೆದು, ಹಲವರು ಪಿಎಚ್‌ಡಿಯನ್ನೂ ಮಾಡಿ, ಗ್ರಂಥಾಲಯ ವಿಜ್ಞಾನಕ್ಕೆ ಬಂದವರು. ಅಂದರೆ ಮೆಕ್ಯಾನಿಕಲ್ ವಿಭಾಗಕ್ಕೆ ಸಹಾಯ ಮಾಡುವ ಗ್ರಂಥಪಾಲಕರು ಸ್ವತಃ ಇಂಜಿನಿಯರ್ ಆಗಿರಬಹುದು. ನೀವು ಬ್ಯಾಟರಿ ಅಂದರೆ ಅವರಿಗೆ ಅರ್ಥವಾಗುತ್ತೆ.

ಒಂದು ಉದಾಹರಣೆ ನೋಡೋಣ. ವಿದ್ಯುತ್ ಕಾರಿನ ಬ್ಯಾಟರಿ ತಣ್ಣಗಿಡೋದು ಹೇಗೆ ಅನ್ನೋದು ವಿಷಯ ಅಂತಿಟ್ಟುಕೊಳ್ಳಿ. 'ಬ್ಯಾಟರಿ ಕೂಲಿಂಗ್' ಅಂತ ಹುಡುಕಿದರೆ ಸಾವಿರಾರು ಲೇಖನ ಬರುತ್ತೆ. ಆದರೂ 'ಥರ್ಮಲ್ ಮ್ಯಾನೇಜ್‌ಮೆಂಟ್' ಅಂತ ಬರೆದವರು ತಪ್ಪಿಹೋಗಬಹುದು. ಗ್ರಂಥಪಾಲಕರು ಮೊದಲು ಪ್ರಶ್ನೆಯನ್ನು ತುಂಡು ಮಾಡಿಸ್ತಾರೆ. ಪ್ರತಿ ತುಂಡಿಗೂ ಸಮಾನಾರ್ಥಕ ಪದ ಬರೆಸ್ತಾರೆ. ಸಮಾನಾರ್ಥಕಗಳ ನಡುವೆ 'ಆರ್', ತುಂಡುಗಳ ನಡುವೆ 'ಆ್ಯಂಡ್' ಹಾಕಿಸ್ತಾರೆ. ಒಂದು ಒಳ್ಳೆಯ ಲೇಖನ ಸಿಕ್ಕಿದರೆ ಅದು ಯಾರನ್ನು ಉಲ್ಲೇಖಿಸಿದೆ, ಅದನ್ನು ಆಮೇಲೆ ಯಾರು ಉಲ್ಲೇಖಿಸಿದ್ದಾರೆ ಅಂತ ಹಿಂದಕ್ಕೂ ಮುಂದಕ್ಕೂ ಹೋಗೋದನ್ನು ತೋರಿಸ್ತಾರೆ. ಡಿಐಎನ್ ಮಾನಕಗಳನ್ನು ಸ್ವಂತ ದುಡ್ಡಲ್ಲಿ ಕೊಂಡರೆ ಜೇಬು ಖಾಲಿ, ಆದರೆ ಅನೇಕ ತಾಂತ್ರಿಕ ವಿಶ್ವವಿದ್ಯಾಲಯಗಳ ಗ್ರಂಥಾಲಯಗಳಲ್ಲಿ ಅವು ವಿದ್ಯಾರ್ಥಿಗಳಿಗೆ ಉಚಿತ. ಪೇಟೆಂಟ್ ಬೇಕಾದರೆ ಯುರೋಪಿಯನ್ ಪೇಟೆಂಟ್ ಕಚೇರಿಯ ಎಸ್ಪಾಸ್‌ನೆಟ್ ಇದೆ. ನಮ್ಮ ಗ್ರಂಥಾಲಯದಲ್ಲಿ ಇಲ್ಲದ ಪುಸ್ತಕವನ್ನು ಫೆರ್ನ್‌ಲೈಹೆ ಮೂಲಕ ಬೇರೆ ಊರಿಂದ ತರಿಸಬಹುದು. ಸಾಮಾನ್ಯವಾಗಿ 1.50 ಯೂರೊ, ಒಂದು ಕಾಫಿಗಿಂತ ಅಗ್ಗ. ಹ್ಯಾನೋವರ್‌ನಲ್ಲಿ ತಂತ್ರಜ್ಞಾನ ಮತ್ತು ವಿಜ್ಞಾನಕ್ಕೆಂದೇ ಟಿಐಬಿ ಅನ್ನೋ ರಾಷ್ಟ್ರೀಯ ಗ್ರಂಥಾಲಯ 1959ರಿಂದ ಇದೆ.

"ಈಗ ಚಾಟ್‌ಜಿಪಿಟಿ ಇದೆಯಲ್ಲ, ಇದೆಲ್ಲ ಯಾಕೆ?" ಅನ್ನೋರಿದ್ದಾರೆ. ಅದಿರೋದಕ್ಕೇ ಇದು ಇನ್ನೂ ಹೆಚ್ಚು ಬೇಕು. ಇಂಥ ಸಾಧನಗಳು ಕೆಲವೊಮ್ಮೆ ಇಲ್ಲದ ಲೇಖನವನ್ನೇ ಹುಟ್ಟಿಸಿಬಿಡ್ತವೆ. ಲೇಖಕರ ಹೆಸರು ನಿಜ, ನಿಯತಕಾಲಿಕೆಯೂ ನಿಜ, ಲೇಖನ ಮಾತ್ರ ಸುಳ್ಳು. ಡಿಓಐ ಒತ್ತಿ ನೋಡೋದು, ಕ್ಯಾಟಲಾಗ್‌ನಲ್ಲಿ ತಾಳೆ ಹಾಕೋದು, ದುಡ್ಡು ಕೊಟ್ಟರೆ ಏನನ್ನಾದರೂ ಅಚ್ಚು ಹಾಕುವ ನಕಲಿ ಜರ್ನಲ್ ಗುರುತಿಸೋದು: ಇದು ಅಭ್ಯಾಸದಿಂದ ಬರುವ ವಿದ್ಯೆ. "ಗೈಡ್ ಹೇಳಿಕೊಡ್ತಾರೆ ಬಿಡಿ" ಅನ್ನೋರೂ ಇದ್ದಾರೆ. ಇಲ್ಲಿನ ಗೈಡ್‌ಗಳು ಇದೆಲ್ಲ ಬ್ಯಾಚುಲರ್ಸ್‌ನಲ್ಲೇ ಆಗಿದೆ ಅಂದುಕೊಂಡಿರ್ತಾರೆ. ನಡುವಿನ ಆ ಕಂದಕ ತುಂಬೋಕೆ ಗ್ರಂಥಪಾಲಕರೇ ಬೇಕು.

ಇದು ನಮಗೆ ಹೊರಗಿನ ವಿಚಾರವೂ ಅಲ್ಲ. ಗಣಿತದ ಮೇಷ್ಟ್ರಾಗಿದ್ದ ಎಸ್. ಆರ್. ರಂಗನಾಥನ್ 1924ರಲ್ಲಿ ಮದ್ರಾಸ್ ವಿಶ್ವವಿದ್ಯಾಲಯದ ಗ್ರಂಥಪಾಲಕರಾದರು, 1931ರಲ್ಲಿ ಗ್ರಂಥಾಲಯಕ್ಕೆ ಐದು ಸೂತ್ರ ಕೊಟ್ಟರು. ಓದುಗನ ಸಮಯ ಉಳಿಸಬೇಕು ಅನ್ನೋದು ಅದರಲ್ಲೊಂದು. 1962ರಲ್ಲಿ ಅವರು ತರಬೇತಿ ಕೇಂದ್ರ ಕಟ್ಟಿದ್ದು ನಮ್ಮ ಬೆಂಗಳೂರಿನಲ್ಲೇ. ಇನ್ನು ಆಕರ ಹೇಳುವ ಶಿಸ್ತಿಗೆ ಕಿಟೆಲ್ ಅವರಿಗಿಂತ ಬೇರೆ ಉದಾಹರಣೆ ಬೇಕೆ? 1894ರ ಅವರ ನಿಘಂಟಿನಲ್ಲಿ ಪದಗಳ ಪಕ್ಕದಲ್ಲೇ ಅವು ಯಾವ ಕೃತಿಯಲ್ಲಿ ಬಂದಿವೆ ಅನ್ನೋ ಸೂಚನೆಗಳಿವೆ. ಅವರಿಗೆ ಗೌರವ ಡಾಕ್ಟರೇಟ್ ಕೊಟ್ಟ ಟ್ಯೂಬಿಂಗನ್ ವಿಶ್ವವಿದ್ಯಾಲಯದ ಗ್ರಂಥಾಲಯ ಇಂದು ಗುಂಡರ್ಟ್ ಸಂಗ್ರಹವನ್ನು ಡಿಜಿಟಲ್ ಮಾಡಿ ಎಲ್ಲರಿಗೂ ತೆರೆದಿಟ್ಟಿದೆ. ಮಲಯಾಳದ ಜೊತೆ ಕನ್ನಡ, ತುಳು ಸಾಮಗ್ರಿಯೂ ಅಲ್ಲಿದೆ.

ಹಾಗಾದರೆ ಏನು ಮಾಡೋಣ? ಮೂರು ಸಲಹೆ. ಒಂದು, ಅಕ್ಟೋಬರ್‌ನ ಸ್ವಾಗತ ಕಾರ್ಯಕ್ರಮದಲ್ಲಿ ಗ್ರಂಥಾಲಯದ ಒಂದು ಗಂಟೆ ಖಾಯಂ ಆಗಲಿ. ಗುಂಪಾಗಿ ಮೊದಲೇ ಕೇಳಿಕೊಂಡರೆ ಇಂಗ್ಲಿಷ್‌ನಲ್ಲಿ ಪರಿಚಯ ತರಗತಿ ಮಾಡಿಕೊಡುವ ಗ್ರಂಥಾಲಯಗಳು ಇಲ್ಲಿ ಸಾಕಷ್ಟಿವೆ. ಎರಡು, ಥೀಸಿಸ್ ಮುಗಿಸಿದ ಸೀನಿಯರ್‌ಗಳು ತಮ್ಮ ವಿಷಯದ ಡೇಟಾಬೇಸ್, ಮಾನಕ, ಉಲ್ಲೇಖ ಪದ್ಧತಿಗಳ ಬಗ್ಗೆ ಕನ್ನಡದಲ್ಲಿ ಒಂದೊಂದು ಪುಟ ಬರೆದಿಡಲಿ. ಹಳೆ ರಿಪೋರ್ಟ್ ಫಾರ್ವರ್ಡ್ ಮಾಡೋದಕ್ಕಿಂತ ಅದು ದೊಡ್ಡ ಉಪಕಾರ. ಮೂರು, ನಾವು ಓದಿ ಬಂದ ಕಾಲೇಜುಗಳಿಗೆ ಪತ್ರ ಬರೆಯೋಣ: ಪ್ರಾಜೆಕ್ಟ್ ಶುರುವಾಗುವ ಸೆಮಿಸ್ಟರ್‌ನಲ್ಲಿ ಗ್ರಂಥಪಾಲಕರಿಗೆ ನಾಲ್ಕು ತರಗತಿ ಕೊಡಿ ಅಂತ. ಭಾರತ ಸರ್ಕಾರ 2025ರ ಜನವರಿಯಿಂದ 'ಒಂದು ರಾಷ್ಟ್ರ ಒಂದು ಚಂದಾ' ಯೋಜನೆಯಲ್ಲಿ 30 ಪ್ರಕಾಶಕರ ಸುಮಾರು 13,000 ನಿಯತಕಾಲಿಕೆಗಳನ್ನು ಸರ್ಕಾರಿ ಉನ್ನತ ಶಿಕ್ಷಣ ಸಂಸ್ಥೆಗಳಿಗೆ ತೆರೆದಿದೆ. ಉಗ್ರಾಣ ತುಂಬಿದೆ, ಒಳಗೆ ದಾರಿ ತೋರಿಸುವವರಿಗೆ ಕೆಲಸ ಕೊಡೋದು ಬಾಕಿ.

ಸದ್ಯಕ್ಕೆ ಇಷ್ಟು ಮಾಡಿ: ನಿಮ್ಮ ವಿಭಾಗದ ಫಾಖ್‌ರೆಫೆರೆಂಟ್ ಯಾರು ಅಂತ ಗ್ರಂಥಾಲಯದ ಪುಟದಲ್ಲಿ ನೋಡಿ, ಥೀಸಿಸ್ ನೋಂದಣಿಗೆ ಮುಂಚೆಯೇ ಒಂದು ಮೇಲ್ ಹಾಕಿ. ಕೇಳೋಕೆ ಸಂಕೋಚ ಬೇಡ. ಅದು ಅವರ ಕೆಲಸ, ನಮ್ಮ ಹಕ್ಕು.